ಆಯುಧಪೂಜೆಯ ಕೆಂಪು ಚುಕ್ಕೆ

ಬೆಳಿಗ್ಗೆ ಏಳೂವರೆಗೆ ಫೋರ್‌ಮನ್ ಚಿಕ್ಕಬೈರಪ್ಪ ಮೇನ್ ಸ್ವಿಚ್ ಆರಿಸಿದ. ಪೀಣ್ಯ ಎರಡನೇ ಹಂತದ ಗಿರಿಜಾ ಗೇರ್ ವರ್ಕ್ಸ್‌ನಲ್ಲಿ ಲೇತು, ಮಿಲ್ಲಿಂಗ್ ಮೆಷಿನ್, ಕಂಪ್ರೆಸರ್, ಫ್ಯಾನು ಎಲ್ಲವೂ ಒಟ್ಟಿಗೆ ಸುಮ್ಮನಾದವು.

ಅಂದು ಆಯುಧಪೂಜೆ. ಪೂಜೆಗೆ ಮುಂಚೆ ಯಂತ್ರಗಳು ಆರಬೇಕು. ಆರಿದ ಮೇಲೆ ಅವುಗಳ ಮೈ ಒರೆಸಿ, ಕುಂಕುಮವಿಟ್ಟು, ಮುಹೂರ್ತಕ್ಕೆ ಸರಿಯಾಗಿ ಮತ್ತೆ ಎಬ್ಬಿಸಬೇಕು. ಎಬ್ಬಿಸುವುದಕ್ಕೂ ಒಂದು ಕ್ರಮವಿದೆ: ಹಿರಿಯದು ಮೊದಲು, ಕಿರಿಯದು ಕೊನೆಗೆ. ಯಜಮಾನರ ತಂದೆ ಕೊಂಡಿದ್ದ ಹಳೆಯ ಲೇತಿನಿಂದ ಶುರುವಾಗಿ ಮೊನ್ನೆ ಬಂದ ಡ್ರಿಲ್ಲಿನವರೆಗೆ. ಈ ಕ್ರಮವನ್ನು ಯಾರೂ ಬರೆದಿಟ್ಟಿರಲಿಲ್ಲ. ಅದು ಚಿಕ್ಕಬೈರಪ್ಪನ ತಲೆಯಲ್ಲಿತ್ತು, ಆದ್ದರಿಂದ ಅದನ್ನು ಬದಲಾಯಿಸುವುದು ಸಾಧ್ಯವಿರಲಿಲ್ಲ.

ಮಹಡಿಯ ಮೇಲೆ ಅಕೌಂಟ್ಸ್ ಕೋಣೆಯ ಮೂಲೆಯಲ್ಲಿ ಮೂರು ಕಂಪ್ಯೂಟರುಗಳು ಮಾತ್ರ ಯುಪಿಎಸ್ ಬಲದಲ್ಲಿ ಇನ್ನೂ ಓಡುತ್ತಿದ್ದವು. ಅವುಗಳ ಮುಂದೆ ಈರೇಶ್ ಕುಳಿತಿದ್ದ. ಕಾಲ ಬಳಿ ಒಂದು ಬ್ಯಾಗು. ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ, ಮಗುವಿಗೆಂದು ಒಂದು ಬೆಳ್ಳಿ ಉಡಿದಾರ.

ಈರೇಶನ ಹೆಂಡತಿ ಶೈಲಜಾ ಬಾಣಂತನಕ್ಕೆ ಚಿತ್ರದುರ್ಗದ ತವರಿನಲ್ಲಿದ್ದಳು. ಅವಳ ಕುಬಸದ, ಅಂದರೆ ಸೀಮಂತದ, ದಿನ ಯುಪಿಎಸ್ ಬ್ಯಾಟರಿ ಸತ್ತು ಮೂರೂ ಕಂಪ್ಯೂಟರು ಮಲಗಿದವು. ಅವನ್ನು ಒಂದೊಂದಾಗಿ ಎಬ್ಬಿಸುವಷ್ಟರಲ್ಲಿ ಸಂಜೆಯಾಗಿ, ಈರೇಶ್ ಹೋಗಲಿಲ್ಲ. ಹೆರಿಗೆಯ ದಿನ ಕಾರ್ಖಾನೆಯ ನಕ್ಷೆಗಳಿರುವ ಕಂಪ್ಯೂಟರು ಮಲಗಿತು, ಅವತ್ತೂ ಹೋಗಲಿಲ್ಲ. ಈ ದಿನ ಸಂಜೆ ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಹಿಂದಿನ ರಾತ್ರಿ ಅತ್ತೆ ಮಹಾಂತಮ್ಮ ಫೋನಿನಲ್ಲಿ ಏರುದನಿಯಿಲ್ಲದೆ ಹೇಳಿದ್ದರು:

“ಆರೂವರೆಗೆ ದೀಪ ಹಚ್ಚಿ ಕೂಸನ್ನ ತೊಟ್ಟಿಲಿಗೆ ಹಾಕ್ತೀವಿ. ಅಪ್ಪ ಬಂದ್ರೆ ಕೂಸಿನ ಭಾಗ್ಯ. ಬರ್ಲಿಲ್ಲಾಂದ್ರೆ ಕೂಸೇನೂ ಕಾಯಲ್ಲಪ್ಪ.”

ಎಂಟನೇ ಮೈಲಿಯ ಸ್ಟಾಪಿಗೆ ಎರಡೂಕಾಲಿಗೆ ಬರುವ ಚಿತ್ರದುರ್ಗದ ಬಸ್ಸಿಗೆ ಅವನು ಸೀಟು ಕಾಯ್ದಿರಿಸಿದ್ದ. ಹಬ್ಬದ ನೂಕುನುಗ್ಗಲಿನಲ್ಲಿ ಬೇರೆ ಸೀಟು ಸಿಗುವುದು ಕನಸಿನ ಮಾತು. ಆದರೆ ಹೊರಡುವುದಕ್ಕೆ ಯಜಮಾನ ಶಿವಶಂಕರ್ ಒಂದು ಷರತ್ತು ಹಾಕಿದ್ದರು.

“ನೋಡಯ್ಯಾ, ಲೇತಿಗೆ ಕರೆಂಟ್ ಕೊಟ್ರೆ ತಾನೇ ತಿರುಗುತ್ತೆ. ನಿನ್ನ ಕಂಪ್ಯೂಟರಿಗೆ ಮಾತ್ರ ಎಬ್ಬಿಸೋಕೆ ಒಬ್ಬ ಆಳು ಬೇಕಾ? ಹಬ್ಬದ ದಿನ ಅವನ್ನೂ ಆರಿಸ್ಬೇಕು. ಮುಹೂರ್ತಕ್ಕೆ ನೀನು ಕೈ ಕಟ್ಕೊಂಡು ಕೆಳಗೆ ನಮ್ಜೊತೆ ನಿಂತಿರ್ಬೇಕು. ಅವು ತಾವೇ ಎದ್ರೆ ನೀನೂ ಎದ್ದು ಊರಿಗೆ ಹೋಗು. ಏಳ್ಲಿಲ್ಲಾ, ಎಬ್ಬಿಸ್ಕೊಂಡು ಇಲ್ಲೇ ಕೂತಿರು.”

ಕೇಳುವುದಕ್ಕೆ ಸುಲಭ. ತೊಂದರೆ ಇದ್ದದ್ದು ಮೂರು ಕಂಪ್ಯೂಟರುಗಳ ಮನೆತನದಲ್ಲಿ. ಮೂರನ್ನೂ ನಡೆಸುತ್ತಿದ್ದ ಮೂಲ ತಂತ್ರಾಂಶ ಲಿನಕ್ಸೇ. ಆದರೆ ಹುಳಿ ಎಲ್ಲರ ಮನೆಯಲ್ಲೂ ಹುಳಿಯೇ ಆದರೂ ಒಗ್ಗರಣೆ ಮೊದಲೋ ಕೊನೆಗೋ ಎಂಬುದರಲ್ಲಿ ಮನೆಮನೆಗೂ ಹಟವಿರುವಂತೆ, ಕೆಲಸದ ಪ್ರೋಗ್ರಾಂಗಳನ್ನು ಎಬ್ಬಿಸುವ ರೀತಿಯಲ್ಲಿ ಲಿನಕ್ಸಿನ ಒಂದೊಂದು ಮನೆಗೂ ಒಂದೊಂದು ಹಟ. ಈರೇಶನಿಗೆ ಮುಂಚೆ ಕೆಲಸ ಮಾಡಿ ಹೋದವರು ತಮಗೆ ಪ್ರಿಯವಾದ ಒಂದೊಂದನ್ನು ತಂದು ಕೂರಿಸಿ, ಸಂಬಳ ಜಾಸ್ತಿ ಕೊಡುವ ಕಡೆಗೆ ಹೊರಟುಹೋಗಿದ್ದರು.

ಹಾಜರಿ ನೋಡಿಕೊಳ್ಳುವ ಕಂಪ್ಯೂಟರು ಎಲ್ಲಕ್ಕಿಂತ ಹಳೆಯದು, ಸೆಂಟ್‌ಓಎಸ್ ಎಂಬ ಮನೆಯದು. ಅಲ್ಲಿ ‘ಸರ್ವಿಸ್ ಹಾಜರಿ ಸ್ಟಾರ್ಟ್’ ಎನ್ನಬೇಕು. ಹಿರಿಯರನ್ನು ಕರೆದಂತೆ ಹೆಸರು ಮೊದಲು, ಕೆಲಸ ಆಮೇಲೆ. ಬಿಲ್ಲು ಹಾಕುವುದು ಉಬುಂಟು. ಅಲ್ಲಿ ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್ ಬಿಲ್’. ಅಪ್ಪಣೆ ಮೊದಲು, ಹೆಸರು ಆಮೇಲೆ. ನಕ್ಷೆಗಳದ್ದು ಜೆಂಟೂ. ಅದರ ಭಾಷೆಯೇ ಮೂರನೆಯದು. ಒಂದು ಮನೆಯ ಮಾತನ್ನು ಇನ್ನೊಂದು ಮನೆಯಲ್ಲಿ ಆಡಿದರೆ, ಇಂಥವರು ಇಲ್ಲಿಲ್ಲ ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದವು.

ಇದರ ಮೇಲೆ ಇನ್ನೊಂದು ತೊಡಕು. ‘ಈಗ ಏಳು’ ಎನ್ನುವುದು ಬೇರೆ, ‘ಇನ್ನು ಮುಂದೆ ಕರೆಂಟು ಬಂದಾಗಲೆಲ್ಲ ನೀನಾಗಿ ಏಳು’ ಎನ್ನುವುದು ಬೇರೆ. ಒಂದು ಹೇಳಿದರೆ ಇನ್ನೊಂದು ತಿಳಿಯುವುದಿಲ್ಲ. ಇಷ್ಟು ದಿನ ಈರೇಶ್ ಅವಸರದಲ್ಲಿ ಮೊದಲನೆಯದನ್ನಷ್ಟೇ ಹೇಳುತ್ತ ಬಂದಿದ್ದ. ಇವತ್ತು ಎರಡನೆಯದನ್ನು ಮೂರೂ ಮನೆಯಲ್ಲಿ, ಅವರವರ ಭಾಷೆಯಲ್ಲಿ ಹೇಳಬೇಕಿತ್ತು.

“ಈರೇಶ್, ಕೀಬೋರ್ಡಿಗೆ ಕುಂಕುಮ ಎಲ್ಲಿಡ್ಲಿ? ಎಂಟರ್ ಮೇಲೋ, ದೊಡ್ಡ ಪಟ್ಟಿ ಮೇಲೋ?” ಅಕೌಂಟ್ಸಿನ ಶೋಭಾರಾಣಿ ಬಟ್ಟಲು ಹಿಡಿದು ಬೆನ್ನ ಹಿಂದೆ ನಿಂತಿದ್ದರು. ನವರಾತ್ರಿ ಪೂರ್ತಿ ಹಾಲು ಹಣ್ಣಿನಲ್ಲೇ ಇದ್ದುದರಿಂದ ಅವರ ಮುಖದಲ್ಲಿ ಒಂದು ಬಗೆಯ ಅಧಿಕಾರ ಬಂದಿತ್ತು.

“ಎಲ್ಲಾದ್ರೂ ಇಡಿ ಮೇಡಂ. ಆನ್ ಮಾಡೋ ಬಟನ್ ಮೇಲೆ ಮಾತ್ರ ಬೇಡ.”

“ಅಲ್ಲೇ ಅಲ್ವಾ ಮುಖ್ಯವಾಗಿ ಇಡ್ಬೇಕಾದ್ದು?” ಎಂದು ಅವರು ಮೂರಕ್ಕೂ ಅಲ್ಲೇ ಇಟ್ಟರು. ಕೀಬೋರ್ಡುಗಳಿಗೂ ಧಾರಾಳವಾಗಿ ಇಟ್ಟರು. ಒಂದು ಬಾಳೆಕಂದನ್ನು ತಂದು ಹಾಜರಿ ಕಂಪ್ಯೂಟರಿಗೆ ಒರಗಿಸಿದರು.

ಒಂಬತ್ತರ ಹೊತ್ತಿಗೆ ಮೂರೂ ಮನೆಯವರು ಒಪ್ಪಿದರು. ಈರೇಶ್ ಒಂದೊಂದನ್ನೂ ಆರಿಸಿ, ಹೊತ್ತಿಸಿ, ಕೈ ಹಿಂದೆ ಕಟ್ಟಿಕೊಂಡು ನೋಡಿದ. ಹಾಜರಿ ಎದ್ದಿತು. ಬಿಲ್ ಎದ್ದಿತು. ನಕ್ಷೆ ಸ್ವಲ್ಪ ಯೋಚಿಸಿ ಎದ್ದಿತು. ಶಾಲೆಗೆ ತಾನಾಗಿ ಎದ್ದು ಹೊರಟ ಮಗುವನ್ನು ನೋಡುವ ಅಪ್ಪನ ಹಾಗೆ ಅವನು ಮೂರರ ಮುಂದೆ ನಿಂತ.

ಆಗ ರೇಷ್ಮೆ ಪಂಚೆಯುಟ್ಟ ಶಿವಶಂಕರ್ ಮೇಲೆ ಬಂದರು. ಅವರ ಕೈಯಲ್ಲಿ ಫೋನು, ಫೋನಿನಲ್ಲಿ ಒಂದು ಪುಟ. ಯಾವ್ಯಾವ ಕೆಲಸ ಎದ್ದಿದೆ, ಯಾವುದು ಮಲಗಿದೆ ಎಂದು ಚುಕ್ಕೆಗಳಲ್ಲಿ ತೋರಿಸುವ ಆ ಪುಟವನ್ನು ಹಿಂದೆ ಯಾರೋ ಮಾಡಿಟ್ಟು ಹೋಗಿದ್ದರು. ಎದ್ದದ್ದು ಹಸಿರು, ಮಲಗಿದ್ದು ಕೆಂಪು.

“ಮೂರು ಹಸಿರು ಇದೆ. ಸಂತೋಷ. ಇದೇನಯ್ಯಾ ಕೆಳಗೊಂದು ಕೆಂಪು?”

ಈರೇಶ್ ಬಗ್ಗಿ ನೋಡಿದ. ನಾಲ್ಕನೆಯ ಚುಕ್ಕೆಯ ಪಕ್ಕದಲ್ಲಿ ‘ಜಿ ಟು’ ಎಂದಿತ್ತು. ಅವನು ಸೇರಿದ ದಿನದಿಂದ ಅದು ಕೆಂಪಾಗೇ ಇತ್ತು. ಅಷ್ಟು ದಿನದಿಂದ ಕೆಂಪಾಗಿರುವುದರ ಕಡೆ ಯಾರೂ ನೋಡುವುದಿಲ್ಲ.

“ಅದು ಹಾಜರಿ ಕಂಪ್ಯೂಟರಿನಲ್ಲಿರೋ ಯಾವುದೋ ಹಳೇದು ಸಾರ್. ಉಪಯೋಗದಲ್ಲಿಲ್ಲ ಅನ್ಸುತ್ತೆ.”

“ಅನ್ಸುತ್ತೋ, ಗೊತ್ತೋ?”

“ಅನ್ಸುತ್ತೆ ಸಾರ್.”

“ಹಬ್ಬದ ದಿನ ಕೆಂಪು ಬೇಡ. ಎಲ್ಲ ಹಸಿರಾಗಿರ್ಬೇಕು. ಇನ್ನೊಂದು, ಎದ್ದ ಮೇಲೆ ಮತ್ತೆ ಬಿದ್ರೆ ಏನು ಮಾಡ್ತೀಯ? ನೀನು ಬಸ್ಸಲ್ಲಿರ್ತೀಯ. ಬಿದ್ದರೂ ತಾನೇ ಏಳ್ಬೇಕು. ಆಗ ಮಾತ್ರ ಹೋಗು.” ಅಷ್ಟು ಹೇಳಿ ಅವರು ಪುರೋಹಿತರನ್ನು ಎದುರುಗೊಳ್ಳಲು ಇಳಿದುಹೋದರು.

ಈರೇಶ್ ತನಗಿಂತ ಮುಂಚೆ ಇದ್ದ ನಂದೀಶನಿಗೆ ಫೋನು ಮಾಡಿದ. ಅವನು ಈಗ ಹೂಡಿಯ ಒಂದು ಟೆಕ್ ಪಾರ್ಕಿನಲ್ಲಿದ್ದ.

“ಗುರು, ಜಿ ಟು ಅಂದ್ರೆ ಏನು?”

“ನನ್ನ ಕೇಳ್ತೀಯಲ್ಲ ಮಗಾ! ನಾನು ಬರೋಕೆ ಮುಂಚೇನೇ ಆಫ್ ಆಗಿತ್ತು. ನಾನು ಮುಟ್ಟಿಲ್ಲ.”

“ಆನ್ ಮಾಡಿದ್ರೆ ಏನಾದ್ರೂ ಆಗುತ್ತಾ?”

“ನಾಲ್ಕು ಸಾಲಿನ ಸ್ಕ್ರಿಪ್ಟು. ಏನಾಗುತ್ತೆ? ಕಟ್ಟಡ ಬೀಳುತ್ತಾ? ಹಬ್ಬದ ಶುಭಾಶಯ ಕಣೋ.”

ಕಡಲೆಪುರಿ ಮೂಟೆ ಇಳಿಸಲು ಜನ ಕರೆಯುತ್ತ ಬಂದ ಚಿಕ್ಕಬೈರಪ್ಪನನ್ನೂ ಈರೇಶ್ ಕೇಳಿದ. “ಅಣ್ಣಾ, ನಿಮಗೇನಾದ್ರೂ ಜಿ ಟು ಅನ್ನೋದು ಗೊತ್ತಾ?”

“ಯಾವ್ದು ಸ್ವಾಮಿ ಅದು? ಮಲ್ಗದಾ?”

“ಹೂಂ. ಮಲಗಿದೆ.”

“ಅಂಗಾದ್ರೆ ಎಬ್ಸಿ. ಮುಹೂರ್ತದ ದಿನ ಯಾವ್ದನ್ನೂ ಮಲಗ್ಸಿ ಬುಡಬಾರ್ದು.”

ಎಲ್ಲರ ಅಭಿಪ್ರಾಯ ಒಂದೇ ಆಗಿತ್ತು. ಈರೇಶ್ ಹಳೆಯ ಕಂಪ್ಯೂಟರಿಗೆ ಅದರ ಭಾಷೆಯಲ್ಲಿ, ಇನ್ನು ಮುಂದೆ ಎದ್ದಾಗಲೆಲ್ಲ ಜಿ ಟುವನ್ನೂ ಎಬ್ಬಿಸು ಎಂದು ಹೇಳಿದ. ಹೇಳಿದ ಕೂಡಲೇ ಏನೂ ಆಗಲಿಲ್ಲ. ಅದು ಮುಂದಿನ ಸಲ ಏಳುವಾಗಿನ ಮಾತು.

ಉಳಿದದ್ದು ಬಿದ್ದರೆ ಏಳುವ ಮಾತು. ಉಬುಂಟುವಿಗೆ ಅದಕ್ಕೊಂದು ಸಾಲು ಸಾಕು. ಜೆಂಟೂವಿಗೂ ಹೆಚ್ಚು ಹೊತ್ತು ಹಿಡಿಯಲಿಲ್ಲ. ಹಳೆಯದಕ್ಕೆ ಆ ಸೌಕರ್ಯ ಸುಲಭವಿರಲಿಲ್ಲ. ಈರೇಶ್ ಒಂದು ಪುಟ್ಟ ಸ್ಕ್ರಿಪ್ಟು ಬರೆದ. ಅದು ನಿಮಿಷಕ್ಕೊಮ್ಮೆ ಹಾಸ್ಟೆಲ್ ವಾರ್ಡನ್ನಿನ ಹಾಗೆ ಎದ್ದು ಒಂದು ಸುತ್ತು ಹಾಕಿ, ಮಲಗಿರುವವರು ಯಾರೇ ಇರಲಿ, ಎಬ್ಬಿಸಿ ಹೋಗುತ್ತದೆ. ಬರೆದು ಮುಗಿಸಿ ಅವನು ಅದನ್ನು ಎರಡು ಸಲ ಓದಿದ. ಚೆನ್ನಾಗಿತ್ತು.

ಆಮೇಲೆ ಮೂರನ್ನೂ ಆರಿಸಿದ. ಯುಪಿಎಸ್ಸನ್ನೂ ಆರಿಸಿದ. ಕರೆಂಟು ಬಂದ ಮೇಲೆ ಯುಪಿಎಸ್ ಬಟನ್ ಒತ್ತುವುದೊಂದೇ ಕೆಲಸ, ಕಂಪ್ಯೂಟರುಗಳು ತಾವೇ ಹೊತ್ತಿಕೊಳ್ಳುತ್ತವೆ ಎಂದು ಶೋಭಾರಾಣಿಗೆ ಒಪ್ಪಿಸಿ ಕೆಳಗೆ ಇಳಿದ.

ಕಾರ್ಖಾನೆಯ ದೊಡ್ಡ ಶಟರನ್ನು ಇಳಿಸಿ, ಹೂವು ಕಟ್ಟಿದ ಕಂಪನಿ ಲಾರಿಯನ್ನು ಹೊರಗಡೆ ಅದಕ್ಕೆ ಒಂದು ಗೇಣೂ ಸಂದಿಲ್ಲದಂತೆ ನಿಲ್ಲಿಸಿದ್ದರು. ಚಕ್ರಗಳ ಕೆಳಗೆ ನಿಂಬೆಹಣ್ಣು. ಡ್ರೈವರ್ ಬೀಗದ ಕೈ ಜೇಬಿಗಿಟ್ಟುಕೊಂಡು ತನ್ನ ಮನೆಯ ಬೈಕಿನ ಪೂಜೆಗೆ ಹೋಗಿದ್ದ. ಜನ ಓಡಾಡಲು ಉಳಿದದ್ದು ಒಂದೇ ಗಾಜಿನ ಬಾಗಿಲು. ಅದನ್ನು ದಾಟಿದರೆ ಮಹಡಿಯ ಮೆಟ್ಟಿಲು, ಅದರಾಚೆ ಗೇಟು. ಬಾಗಿಲ ಪಕ್ಕದಲ್ಲಿ ಬೆರಳೊತ್ತುವ ಹಾಜರಿ ಯಂತ್ರ, ಬಾಗಿಲ ನೆತ್ತಿಯ ಮೇಲೆ ಗೇಣುದ್ದದ ಒಂದು ಕಬ್ಬಿಣದ ಡಬ್ಬಿ. ಆ ಡಬ್ಬಿ ಯಾಕಿದೆ ಎಂದು ಹೊಸಬರಿಗೆ ಗೊತ್ತಿರಲಿಲ್ಲ, ಹಳಬರು ಮರೆತಿದ್ದರು. ಮಾವಿನ ತೋರಣ ಸಿಕ್ಕಿಸಲು ಅನುಕೂಲವಾಗಿತ್ತು.

ಹತ್ತೂವರೆಗೆ ಪುರೋಹಿತರು ತಲೆಯಾಡಿಸಿದರು. ಬೂದುಗುಂಬಳ ಒಡೆಯಿತು. ಚಿಕ್ಕಬೈರಪ್ಪ ಮೇನ್ ಹಾಕಿ ಹಳೆಯ ಲೇತಿನಿಂದ ಶುರುಮಾಡಿದ. ಒಂದೊಂದೇ ಯಂತ್ರ ವಯಸ್ಸಿನ ಪ್ರಕಾರ ಗುರುಗುಟ್ಟಿತು. ಎಲ್ಲ ಮುಗಿದ ಮೇಲೆ ಅವನು ಮಹಡಿಯ ಕಡೆ ತಿರುಗಿ, “ಅಕ್ಕಾ, ಈಗ ಚಿಕ್ಕೋರ್ದು!” ಎಂದು ಕೂಗಿದ. ಮೇಲೆ ಶೋಭಾರಾಣಿ ಬಟನ್ ಒತ್ತಿದರು.

ಶಿವಶಂಕರ್ ಫೋನನ್ನು ಅಂಗೈಯಲ್ಲಿಟ್ಟು ನೋಡುತ್ತಿದ್ದರು. ಈರೇಶ್ ಕೈ ಕಟ್ಟಿ ನಿಂತಿದ್ದ. ಮೊದಲ ಚುಕ್ಕೆ ಹಸಿರಾಯಿತು. ಎರಡನೆಯದು. ಮೂರನೆಯದು ತಡಮಾಡಿತು, ಅದೂ ಆಯಿತು. ಕೊನೆಗೆ, ಅಷ್ಟು ದಿನದಿಂದ ಕೆಂಪಾಗಿದ್ದ ನಾಲ್ಕನೆಯದು ಒಮ್ಮೆ ಮಿನುಗಿ ಹಸಿರಾಯಿತು.

“ಭೇಷ್!” ಎಂದರು ಯಜಮಾನರು. “ಊಟ ಮಾಡ್ಕೊಂಡು ಹೊರಡು. ಮಗುಗೆ ನನ್ನ ಆಶೀರ್ವಾದ ಹೇಳು.” ಅವರು ಇನ್ನೆರಡು ಕಡೆ ಪೂಜೆಗೆ ಹೋಗಬೇಕಿತ್ತು. ಕಾರು ಹತ್ತಿ ಹೊರಟುಹೋದರು.

ಈರೇಶ್ ಆಗಲೇ ಬ್ಯಾಗು ತಂದು ಹೆಗಲಿಗೆ ಹಾಕಿದ್ದ. ಚಿಕ್ಕಬೈರಪ್ಪ ಅಡ್ಡ ನಿಂತ.

“ಎಲೆ ಆಕೋ ಒತ್ನಲ್ಲಿ ಎದ್ದೋಗದಾ? ಒಬ್ಬಟ್ಟು ಮಾಡ್ಸವ್ರೆ. ಕೂಸಿನ ತಂದೆ ಅಸ್ಕೊಂಡು ಓಗ್ಬಾರ್ದು.”

“ಬಸ್ಸಿದೆ ಅಣ್ಣಾ.”

“ಎಂಟ್ನೇ ಮೈಲಿ ಏನ್ ಮೈಸೂರಾ? ಆಟೋನಾಗೆ ಅತ್ ನಿಮ್ಸ.”

ಕಾರ್ಖಾನೆಯೊಳಗೇ ಹಾಕಿದ ಊಟಕ್ಕೂ ಕ್ರಮವಿತ್ತು. ಮೊದಲ ಪಂಕ್ತಿ ಹಿರಿಯರಿಗೆ, ಎರಡನೆಯದು ಮಧ್ಯದವರಿಗೆ. ಕಿರಿಯರ ಸಾಲಿಗೆ ಸೇರಿದ ಈರೇಶ್ ಎರಡು ಪಂಕ್ತಿಗೂ ನೀರು ಬಡಿಸಿ, ಮೂರನೆಯದರಲ್ಲಿ ಕುಳಿತ. ಅವನು ಎರಡನೆಯ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಾಗ ಗೋಡೆಯ ಗಡಿಯಾರ ಒಂದೂವರೆ ತೋರಿಸಿತು. ಬಾಗಿಲ ಕಡೆಯಿಂದ ‘ಟಕ್’ ಎಂದು ಒಂದು ಸಣ್ಣ ಸದ್ದಾಯಿತು. ತೋರಣದ ಎಲೆಗಳು ಸ್ವಲ್ಪ ಅಲುಗಿದವು.

ಅವನು ಕೈ ತೊಳೆದು, ಬ್ಯಾಗು ಹಾಕಿಕೊಂಡು, ಬಾಗಿಲು ತಳ್ಳಿದ. ಬಾಗಿಲು ಬರಲಿಲ್ಲ. ಎಳೆದ. ಬರಲಿಲ್ಲ. ಬೆರಳೊತ್ತಿದ. ಯಂತ್ರ ಕೆಂಪು ದೀಪ ತೋರಿಸಿ, ಬೈದ ಹಾಗೆ ಒಂದು ಸದ್ದು ಮಾಡಿತು.

ಹಿಂದೆ ಜನ ಸೇರಿದರು. ಎಲ್ಲರ ಕೈಯಲ್ಲೂ ಹಬ್ಬಕ್ಕೆ ಕೊಟ್ಟ ಸ್ಟೀಲ್ ಡಬ್ಬಿ, ಕಡಲೆಪುರಿ ಪೊಟ್ಟಣ. ಒಬ್ಬೊಬ್ಬರೂ ಒಂದೊಂದು ಬೆರಳು ಒತ್ತಿದರು. ಹೆಬ್ಬೆರಳು ಒತ್ತಿ ಎಂದು ಒಬ್ಬರು, ಅರಿಶಿನ ಒರೆಸಿ ಒತ್ತಿ ಎಂದು ಇನ್ನೊಬ್ಬರು. ಚಿಕ್ಕಬೈರಪ್ಪ ಗುಂಪನ್ನು ಸರಿಸಿಕೊಂಡು ಬಂದ. ತೋರಣವನ್ನು ಸ್ವಲ್ಪ ಎತ್ತಿ ಕಬ್ಬಿಣದ ಡಬ್ಬಿಯನ್ನು ನೋಡಿದ. ಅವನ ಮುಖದಲ್ಲಿ ಮೆಲ್ಲಗೆ ಒಂದು ನೆನಪು ಮೂಡಿತು.

“ಓ… ಇದಾ! ಮೊದ್ಲು ಯಜಮಾನ್ರು ಆಕ್ಸಿದ್ರು. ಉಂಡಾದ್ಮೇಲೆ ಉಡುಗ್ರು ಜಾರ್ಕೊಂತಾರೆ ಅಂತ. ಒಂದೂವರೆಗೆ ಬೀಳ್ತದೆ, ಐದೂವರೆಗೆ ಬುಡ್ತದೆ. ನಡ್ವೆ ಯಜಮಾನ್ರು ಬೆಳ್ಳು ಒತ್ತುದ್ರೆ ಮಾತ್ರ ಒಪ್ಪದು. ಒಂದಿನ ಯಜಮಾನ್ರ ಅತ್ತೆಯೋರೆ ಇದ್ರೊಳ್ಗೆ ಸಿಕ್ಕಾಕ್ಕೊಂಡ್ರು. ಅವತ್ತೇ ಆಪ್ ಮಾಡ್ಸುದ್ರು.”

ಈರೇಶ್ ತಲೆಯೆತ್ತಿ ಡಬ್ಬಿಯನ್ನು ನೋಡಿದ. “ಜಿ ಟು… ಗೇಟ್ ಟು!” ಎಂದ.

“ಯಾವ್ದು?”

“ಬೆಳಿಗ್ಗೆ ನಿಮ್ಮನ್ನ ಕೇಳಿದ್ನಲ್ಲ ಅಣ್ಣಾ! ಆಗ ಹೇಳ್ಬಾರ್ದಾಗಿತ್ತಾ?”

“ನೀವ್ ಜಿ ಟು ಅಂದ್ರಿ. ಬಾಗ್ಲು ಅಂದ್ರಾ?”

ಯಜಮಾನರಿಗೆ ಫೋನು ಮಾಡಿದರೆ ಅವರು ತೆಗೆಯಲಿಲ್ಲ. ಪೂಜೆಯಲ್ಲಿದ್ದರು. “ತೆಗುದ್ರೂ ಏನ್ ಮಾಡ್ತೀರಾ?” ಎಂದ ಚಿಕ್ಕಬೈರಪ್ಪ. “ಬೆಳ್ಳ ಫೋನ್ನಾಗೆ ಕಳ್ಸಕಾಯ್ತದಾ?” ಅವನೇ ಹೋಗಿ ಮೇನ್ ಆರಿಸಿದ. ಕಾರ್ಖಾನೆ ಕತ್ತಲಾಯಿತು. ಬಾಗಿಲು ಅಲುಗಲಿಲ್ಲ. ಅದರ ಬೀಗಕ್ಕೆ ಮಹಡಿಯ ಯುಪಿಎಸ್‌ನಿಂದ ಕರೆಂಟು ಬರುತ್ತಿತ್ತು. ಯುಪಿಎಸ್ಸಿಗೆ ಹೊಸ ಬ್ಯಾಟರಿ ಹಾಕಿಸಿದವನು ಈರೇಶ್. ರಾತ್ರಿಯವರೆಗೂ ತಡೆಯುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದ.

ಯಾರೋ ಸುತ್ತಿಗೆ ಎಂದರು. ಸುತ್ತಿಗೆ ಅಲ್ಲೇ ಇತ್ತು, ಹಣೆಗೆ ಕುಂಕುಮ, ಕುತ್ತಿಗೆಗೆ ಸೇವಂತಿಗೆ. ಪೂಜೆಗಿಟ್ಟ ಆಯುಧವನ್ನು ಮರುದಿನದವರೆಗೆ ಎತ್ತಬಾರದು ಎಂದು ಚಿಕ್ಕಬೈರಪ್ಪ ಬೆಳಿಗ್ಗೆಯೇ ಎಲ್ಲರಿಗೂ ಹೇಳಿದ್ದ. ಗಾಜು ಒಡೆದರೆ ಯಜಮಾನರು ಏನು ಹೇಳುತ್ತಾರೆಂದು ಯಾರೂ ಹೇಳಬೇಕಾಗಿರಲಿಲ್ಲ.

ಆಗ ಈರೇಶನಿಗೆ ಶೋಭಾರಾಣಿ ನೆನಪಾದರು. ಉಪವಾಸದವರು ಊಟಕ್ಕೆ ಇಳಿದಿರಲಿಲ್ಲ. ಬಾಗಿಲಿನಾಚೆ, ಮಹಡಿಯ ಮೇಲೆ, ಕಂಪ್ಯೂಟರುಗಳ ಪಕ್ಕದಲ್ಲೇ ಇದ್ದರು. ಫೋನು ಮಾಡಿದ.

“ಮೇಡಂ, ಹಾಜರಿ ಕಂಪ್ಯೂಟರಿನ ಮುಂದೆ ಕೂತ್ಕೊಳ್ಳಿ. ಬಾಳೆಕಂದು ಇದೆಯಲ್ಲ, ಅದರ ಹಿಂದಿನದು.”

“ಕೂತೆ. ಪಾಸ್‌ವರ್ಡ್ ಕೇಳ್ತಿದೆ.”

ಈರೇಶ್ ಸುತ್ತ ನೋಡಿದ. ಕಾರ್ಖಾನೆಯ ಅಷ್ಟೂ ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅವನು ದನಿ ತಗ್ಗಿಸಿದ. “ಶೈಲು ಒನ್ ಫೋರ್ ತ್ರೀ.”

“ಕೇಳಿಸ್ಲಿಲ್ಲ. ಜೋರಾಗಿ ಹೇಳಿ.”

“ಶೈಲು! ಒನ್ ಫೋರ್ ತ್ರೀ!”

“ಓಹೋ ಸಾರ್!” ಎಂದಿತು ಹಿಂದಿನ ಸಾಲು. ಯಾರೋ ಸಿಳ್ಳೆ ಹಾಕಿದರು.

“ಹಾಂ, ಒಳಗೆ ಹೋಯ್ತು. ಈಗ?”

“ಸರ್ವಿಸ್, ಜಾಗ ಬಿಡಿ, ಜಿ ಟು, ಜಾಗ ಬಿಡಿ, ಸ್ಟಾಪ್.”

ಕೀಲಿಗಳ ಸದ್ದು. “ಇಲ್ಲ ಅಂತಿದೆ.”

“ಏನು ಹೊಡೆದ್ರಿ?”

“ಸರ್ವಿಸ್ ಸ್ಟಾಪ್ ಜಿ ಟು.”

“ಹೆಸರು ಮೊದಲು ಮೇಡಂ! ಸ್ಟಾಪ್ ಆಮೇಲೆ!”

“ಬಿಲ್ ಮೆಷಿನ್ನಿಗೆ ನೀವೇ ಹೇಳ್ಕೊಟ್ಟಿದ್ರಲ್ಲ, ಮೊದ್ಲು ಸ್ಟಾಪು, ಆಮೇಲೆ ಹೆಸ್ರು ಅಂತ? ಹೋದ ವಾರ ತಾನೇ?”

“ಅದು ಆ ಮನೆ ಮೇಡಂ. ಇದು ಬೇರೆ ಮನೆ.”

“ಒಂದೊಂದ್ಸಲ ಒಂದೊಂದು ಹೇಳಿದ್ರೆ ನಾವೇನು ಮಾಡೋಣ ಹೇಳಿ. ಇರಿ, ಎಸ್ ಮೇಲೆ ಕುಂಕುಮ ಇದೆ, ಕಾಣ್ತಿಲ್ಲ. …ಹೊಡೆದೆ. ‘ಓಕೆ’ ಅಂತ ಬಂತು.”

ನೆತ್ತಿಯ ಮೇಲಿನ ಡಬ್ಬಿ ‘ಟಕ್’ ಎಂದಿತು. ಗಾಜಿನ ಬಾಗಿಲು ತಾನಾಗಿ ಒಂದು ಬೆರಳಷ್ಟು ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಗಡಿಯಾರ ನೋಡಿದ ಈರೇಶ್. ಇನ್ನೂ ಹೊತ್ತಿತ್ತು. ಗೇಟಿನಲ್ಲಿ ಆಟೋ ಸಿಕ್ಕರೆ ಬಸ್ಸು ಸಿಕ್ಕ ಹಾಗೆಯೇ.

“ಸಾಕು ಮೇಡಂ, ತುಂಬ ಉಪಕಾರ ಆಯ್ತು. ಎಲ್ಲ ಮುಗೀತು. ನೀವೂ ಬಾಗಿಲು ಹಾಕ್ಕೊಂಡು ಹೊರಡಿ.”

“ಹೊರಟೆ. ಮಗುಗೆ ಒಳ್ಳೆ ಹೆಸರಿಡಿ,” ಎಂದರು ಶೋಭಾರಾಣಿ.

ಎಲ್ಲರೂ ಒಟ್ಟಿಗೆ ಬಾಗಿಲಿಗೆ ನುಗ್ಗಿದರು. ಚಿಕ್ಕಬೈರಪ್ಪ ಎರಡೂ ಕೈ ಚಾಚಿ ತಡೆದ.

“ಏಯ್, ಏನ್ರಪ್ಪಾ ಇದು, ಕುರಿ ದೊಡ್ಡಿನಾ? ಅಬ್ಬದ ದಿನ ಮರ್ಯಾದೆ ಬ್ಯಾಡ್ವಾ? ಮೊದ್ಲು ಎಂಗಸ್ರು. ಆಮೇಲೆ ದೊಡ್ಡೋರು. ಆಮೇಲೆ ಮಿಕ್ಕೋರು, ಅವ್ರವ್ರ ಸರ್ವೀಸ್ ಪ್ರಕಾರ.”

ಸಾಲು ನಿಂತಿತು. ಪ್ಯಾಕಿಂಗ್ ವಿಭಾಗದ ಹೆಂಗಸರು ದಾಟಿದರು. ನಿವೃತ್ತಿಗೆ ಹತ್ತಿರವಿದ್ದವರು, ಅವರೊಡನೆ ಚಿಕ್ಕಬೈರಪ್ಪನೂ, ದಾಟಿದರು. ಲೇತಿನವರು, ಮಿಲ್ಲಿಂಗಿನವರು, ಗ್ರೈಂಡಿಂಗಿನವರು. ಎಲ್ಲರೂ ಬೇಗಬೇಗ ನಡೆದರು. ಈರೇಶ್ ಕೊನೆಯಲ್ಲಿ ನಿಂತಿದ್ದ. ಅವನ ಮುಂದೆ, ಎರಡು ತಿಂಗಳ ಹಿಂದೆಯಷ್ಟೇ ಸೇರಿದ ಡ್ರಿಲ್ ಆಪರೇಟರ್ ಇದ್ದ. ಆಫೀಸಿನವರ ಸರ್ವಿಸ್ ಕಾರ್ಖಾನೆಯವರ ಸರ್ವಿಸಿಗೆ ಸಮವಲ್ಲ ಎಂದು ಚಿಕ್ಕಬೈರಪ್ಪ ಅಲ್ಲೇ ತೀರ್ಪು ಕೊಟ್ಟಿದ್ದ. ಡ್ರಿಲ್ ಆಪರೇಟರ್ ಮನೆಯ ಬಾಗಿಲಿಗೆಂದು ಒಂದು ಉದ್ದನೆಯ ಬಾಳೆಕಂದನ್ನು ಹೊತ್ತಿದ್ದ. ಅದು ಚೌಕಟ್ಟಿಗೆ ಸಿಕ್ಕಿಕೊಂಡಿತು. ಅವನು ಹಿಂದೆ ಬಂದು, ಕಂದನ್ನು ಓರೆ ಮಾಡಿ, ಬಾಗಿ, ಹೊರಗೆ ಹೋದ. ಅವನ ಹಿಂದೆ ಬಾಗಿಲು ಮೆಲ್ಲಗೆ ಹಾಕಿಕೊಂಡಿತು.

ಈರೇಶ್ ಹಿಡಿಕೆಗೆ ಕೈಯಿಟ್ಟ.

‘ಟಕ್.’

ತೋರಣದ ಎಲೆ ಅಲುಗಿತು. ಈರೇಶ್ ಹಿಡಿಕೆ ಬಿಡದೆ ನಿಂತ. ಬೆಳಿಗ್ಗೆ ತಾನೇ ಬರೆದು, ಎರಡು ಸಲ ಓದಿ, ಚೆನ್ನಾಗಿದೆ ಎಂದುಕೊಂಡಿದ್ದ ಸ್ಕ್ರಿಪ್ಟು ಅವನಿಗೆ ಅಕ್ಷರ ಅಕ್ಷರವಾಗಿ ನೆನಪಾಯಿತು. ವಾರ್ಡನ್ ಸುತ್ತು ಹಾಕಿ ಹೋಗಿದ್ದ. ಮಲಗಿದ್ದ ಜಿ ಟುವನ್ನು ಎಬ್ಬಿಸಿದ್ದ.

ಗಾಜಿನಾಚೆಯಿಂದ ಚಿಕ್ಕಬೈರಪ್ಪ ಇಣುಕಿದ. “ಯಾಕ್ ಸ್ವಾಮಿ, ಬರಲ್ವಾ?”

“ಶೋಭಾರಾಣಿ ಮೇಡಂನ ನಿಲ್ಲಿಸಿ! ಓಡಿ!”

ಚಿಕ್ಕಬೈರಪ್ಪ ಓಡಿದ. ಗೇಟಿನಿಂದ ಹಿಂದಿರುಗಿದಾಗ ಅವನ ಜೊತೆ ವಾಚ್‌ಮನ್ ಲಕ್ಷ್ಮಯ್ಯ ಮಾತ್ರ ಇದ್ದ. ಶೋಭಾರಾಣಿ ಅಕೌಂಟ್ಸ್ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಪದ್ಧತಿಯಂತೆ ತಮ್ಮ ಬ್ಯಾಗಿನಲ್ಲಿಟ್ಟುಕೊಂಡು, ಯಾರದೋ ಸ್ಕೂಟರಿನ ಹಿಂದೆ ಕುಳಿತು ನಾಗಸಂದ್ರ ಮೆಟ್ರೋ ನಿಲ್ದಾಣಕ್ಕೆ ಹೋಗಿದ್ದರು. ಫೋನು ರಿಂಗಾಯಿತು, ಮತ್ತೆ ರಿಂಗಾಯಿತು. ಫೋನು ಬ್ಯಾಗಿನ ತಳದಲ್ಲಿತ್ತು, ಮೇಲೆ ಕಡಲೆಪುರಿ.

“ಇನ್ನೊಂದು ಕೀಲಿ?” ಎಂದು ಈರೇಶ್ ಗಾಜಿಗೆ ಬಾಯಿಟ್ಟು ಕೂಗಿದ.

“ಯಜಮಾನ್ರತ್ರ,” ಎಂದ ಲಕ್ಷ್ಮಯ್ಯ.

ಚಿಕ್ಕಬೈರಪ್ಪ ಬಾಗಿಲನ್ನು ಆಚೆಯಿಂದ ಒಮ್ಮೆ ಎಳೆದು ನೋಡಿದ. ಅವನಿಗೆ ನಿಜವಾಗಿ ಬೇಜಾರಾಗಿತ್ತು. ಆಮೇಲೆ, ಊರಿನಲ್ಲಿ ಟ್ರ್ಯಾಕ್ಟರ್ ಪೂಜೆ ತನಗೇ ಕಾಯುತ್ತಿದೆ ಎಂದು ಹೇಳಿ ಹೊರಟ. ಲಕ್ಷ್ಮಯ್ಯ ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಗಾಜಿನ ಆಚೆ ಹಾಕಿಕೊಂಡು ಜೊತೆಗೆ ಕುಳಿತ.

ಎರಡೂವರೆಗೆ ಶೈಲಜಾ ಫೋನು ಮಾಡಿದಳು.

“ಎಲ್ಲಿದೀರ್ರಿ?”

“ಒಳಗೆ.”

“ಬಸ್ಸೊಳಗಾ?”

“ಕಾರ್ಖಾನೆಯೊಳಗೆ,” ಎಂದ ಈರೇಶ್. ಅವಳಿಗೆ ಅರ್ಥವಾಯಿತು. “ಅವ್ವ ಕೇಳಿದ್ರೆ ಈ ಸಲ ಏನು ಹೇಳ್ಲಿ?” ಎಂದಳು. ಹಿಂದುಗಡೆ ಮಗು ಅಳುವುದು ಕೇಳಿಸುತ್ತಿತ್ತು. “ಎದ್ದಿದೆಯಾ?” ಎಂದ ಈರೇಶ್. “ಹೂಂ, ಈಗ ತಾನೇ ಎದ್ದಳು. ತಾನಾಗೇ,” ಎಂದು ಅವಳು ಫೋನಿಟ್ಟಳು.

ಅವನು ಕುಂಕುಮವಿಟ್ಟ ಲೇತಿನ ಪಕ್ಕದಲ್ಲಿ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಒರಗಿದ. ಉಡಿದಾರದ ಡಬ್ಬಿ ಕಿವಿಗೆ ಒತ್ತುತ್ತಿತ್ತು.

ಐದು ಗಂಟೆಗೆ ಶಿವಶಂಕರ್ ಫೋನು ಮಾಡಿದರು. ಅವರ ದನಿಯಲ್ಲಿ ಹಬ್ಬದ ಊಟದ ತೃಪ್ತಿಯಿತ್ತು.

“ಪೂಜೆಲಿದ್ದೆ ಕಣಯ್ಯಾ, ನೀನು ಮಾಡಿದ್ದು ನೋಡ್ಲಿಲ್ಲ. ಊರು ಸೇರಿದೆ ಅಂತ ಹೇಳೋಕೆ ಮಾಡಿದ್ದಾ? ಈಗ ತಾನೇ ಫೋನ್ ನೋಡ್ದೆ. ಎಲ್ಲ ಹಸಿರು! ಮಧ್ಯಾಹ್ನ ಒಂದು ನಿಮಿಷ ಒಂದು ಚುಕ್ಕೆ ಕೆಂಪಾಗಿ, ಮತ್ತೆ ತಾನೇ ಎದ್ದಿದೆ. ನೋಡು, ನೀನಿಲ್ದೇನೇ ಎಷ್ಟು ಚೆನ್ನಾಗಿ ನಡೀತಿದೆ!”

“ಸಾರ್…” ಎಂದ ಈರೇಶ್. ಆ ಕಡೆ ಯಾರೋ ತಾಂಬೂಲಕ್ಕೆ ಕರೆದರು. ಫೋನು ಕಡಿಯಿತು.

ಐದೂವರೆಗೆ ಬಾಗಿಲು ತಾನಾಗಿ ತೆರೆಯಿತು. ಆರೂವರೆಗೆ ಚಿತ್ರದುರ್ಗದಲ್ಲಿ ಕೂಸಿಗೆ ಹೆಸರಿಟ್ಟರು.